ನಾಯಿಗೊಂದು ಪುಟ

ನಮ್ಮ ‘ಮಾರ್ಲಂಡ್’ ವಿಮಾನವಾಹಕ ಹಡಗಿನ ಚರಿತ್ರೆ ಬರೆಯುವ ಸಭೆ ನೆನೆಸಿಕೊಂಡರೆ ನನಗೆ ಈಗಲೂ ಉಗಿಯಬೇಕೆನಿಸುತ್ತದೆ. ಎರಡನೇ ಮಹಾಯುದ್ಧ ಮುಗಿದು ಹದಿನೈದು ವರ್ಷವಾಗಿತ್ತು, ಹಡಗು ಯಾವತ್ತೋ ಗುಜರಿಗೆ ಹೋಗಿತ್ತು. ಉಳಿದಿದ್ದ ನಾವು ಇಂಗ್ಲೆಂಡಿನ ಪ್ಲಿಮತ್‌ನ ಒಂದು ಕ್ಲಬ್ಬಿನ ಮಹಡಿಯಲ್ಲಿ ಸೇರಿ, ಪೇಸ್ಟಿ ಎನ್ನುವ ಮಾಂಸದ ಕಡುಬನ್ನು ತಣ್ಣಗಾದ ಮೇಲೂ ತಿನ್ನುತ್ತ, ನಮ್ಮನ್ನು ನಾವೇ ಹೊಗಳಿಕೊಳ್ಳುತ್ತಿದ್ದೆವು. ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ನಮ್ಮ ಹಳೆಯ ಕ್ಯಾಪ್ಟನ್ ಲೆವರಿಂಗ್. ನಿವೃತ್ತನಾದರೂ ಆ ಮನುಷ್ಯನಿಗೆ ಕೂತ ಕೋಣೆಯೆಲ್ಲ ತನ್ನ ಡೆಕ್ಕು, ಎದುರಿದ್ದವರೆಲ್ಲ ತನ್ನ ಆಳುಗಳು. ನಾವೂ ಹಲ್ಲು ಕಿರಿದುಕೊಂಡು ಹಾಗೇ ಇದ್ದೆವು ಅನ್ನಿ.

ಆ ದಿನ ಎಡ್ನಾ ರ‍್ಯಾಗ್ ಬಂದಿದ್ದಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವಾಕೆ. ಡೆಕ್ಕಿನ ಮೇಲೆ ನನ್ನ ಜೊತೆ ವಿಮಾನ ತಳ್ಳುತ್ತಿದ್ದ ಆರ್ಥರನ ಅಕ್ಕ. ಅವಳಿಗೆ ಬೇಕಾಗಿದ್ದುದು ಒಂದೇ, ಸತ್ತವರ ಪುಟದಲ್ಲಿ ತಮ್ಮನ ಹೆಸರು. ತಾಯಿ ಹಾಸಿಗೆ ಹಿಡಿದಿದ್ದಳು. ಕಣ್ಣು ಮುಚ್ಚುವ ಮೊದಲು ಅಚ್ಚಾದ ಆ ಹೆಸರನ್ನು ಒಂದು ಸಲ ಮುಟ್ಟಿ ನೋಡಬೇಕಂತೆ.

ಆಗುವುದಿಲ್ಲ ಎಂದುಬಿಟ್ಟ ಕ್ಯಾಪ್ಟನ್. ಆರ್ಥರ್ ಸತ್ತದ್ದು ಜಪಾನ್ ಶರಣಾದ ಮೇಲೆ. ಇದು ಯುದ್ಧದ ಚರಿತ್ರೆ. ನಿಯಮ ಎಂದರೆ ನಿಯಮ.

ಯುದ್ಧ ಮುಗಿದ ಮೇಲೆ ನಾವು ಮಾಡಿದ ಕೆಲಸ ಹೇಳಿಕೊಳ್ಳಲೂ ನಾಚಿಕೆ. ಅಮೆರಿಕದವರು ಕೊಟ್ಟಿದ್ದ ವಿಮಾನಗಳನ್ನು ಒಂದೋ ವಾಪಸ್ ಕೊಡಬೇಕು, ಇಲ್ಲ ಬೆಲೆ ತೆರಬೇಕು; ಹಾಳಾದವುಗಳ ಲೆಕ್ಕ ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಆಸ್ಟ್ರೇಲಿಯಾದ ಕರಾವಳಿಯಾಚೆ, ಒಳ್ಳೊಳ್ಳೆ ವಿಮಾನಗಳನ್ನು ನಮ್ಮ ಕೈಯಾರೆ ಸಮುದ್ರಕ್ಕೆ ತಳ್ಳಿದೆವು. ಕೂಸಿನ ಮೈ ಒರೆಸಿದ ಹಾಗೆ ದಿನಾ ಒರೆಸಿಟ್ಟಿದ್ದ ಯಂತ್ರಗಳು. ಥೂ! ಹಾಗೆ ತಳ್ಳುವಾಗ ಒಂದರ ಬಾಲ ಗಿರ್ರನೆ ತಿರುಗಿ ಆರ್ಥರನನ್ನು ಅಂಚಿನಾಚೆ ಕೆಡವಿತು.

ಎಡ್ನಾ ವಾದಕ್ಕೆ ನಿಲ್ಲಲಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾರ್ಯದರ್ಶಿ ಉಳಿದ ಪುಟಗಳನ್ನು ಓದತೊಡಗಿದ. ಕ್ಯಾಪ್ಟನ್ನನ ನಾಯಿ ಮಫಿನ್‌ಗೆ ಒಂದು ಇಡೀ ಪುಟ, ಅದೂ ಫೋಟೋ ಸಮೇತ. ಸಿಲೋನಿನ ಹತ್ತಿರ ಅದು ನೀರಿಗೆ ಬಿದ್ದಾಗ ಹಡಗು ತಿರುಗಿಸಿ, ದೋಣಿ ಇಳಿಸಿ, ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದ ಕಥೆ. ನಾಯಿ ಎಂದರೆ ನಮ್ಮ ಜನ ಕರಗಿ ನೀರಾಗಿಬಿಡುತ್ತಾರೆ. ಮೀಸೆ ಹೊತ್ತ ಗಂಡಸರು ಕಣ್ಣೊರೆಸಿಕೊಂಡರು. ಆ ಹೆಂಗಸು ಅಲ್ಲೇ ಕೂತಿದ್ದಾಳೆ ಎಂಬ ಪರಿವೆ ಒಬ್ಬನಿಗೂ ಇರಲಿಲ್ಲ.

“ನಾಯಿ ಯುದ್ಧದಲ್ಲಿ ಸತ್ತಿತಾ ಸರ್?” ಎಂದು ಕೇಳಿದಳು ಎಡ್ನಾ.

“ಇಲ್ಲ ಮೇಡಂ, ವಯಸ್ಸಾಗಿ. ನಮ್ಮ ಮನೇಲೇ.” ಕ್ಯಾಪ್ಟನ್ನನ ದನಿ ಮೆತ್ತಗಾಗಿತ್ತು.

“ಹಾಗಾದ್ರೆ ಅದಕ್ಕೆ ಯಾವ ನಿಯಮದಲ್ಲಿ ಪುಟ ಕೊಟ್ರಿ?”

ಕ್ಯಾಪ್ಟನ್ನನ ಕಿವಿ ಕೆಂಪಾಯಿತು. ಆಮೇಲೆ ಶುರುವಾಯಿತು ತಿಪ್ಪೆ ಸಾರಿಸುವ ಕೆಲಸ. ಆಗಲಿ, ಹೆಸರು ಸೇರಿಸೋಣ ಎಂದ, ಜೊತೆಗೆ ಒಂದು ಸಾಲು: ಅಪಘಾತದಲ್ಲಿ ಕ್ಷಣಮಾತ್ರದಲ್ಲಿ ಮೃತನಾದ. ಮನೆಯವರಿಗೆ ಆಗ ತಿಳಿಸಿದ್ದೂ ಅದನ್ನೇ. ನಮ್ಮಲ್ಲಿ ಯಾರಾದರೂ ಬೇರೆ ಮಾತಾಡಿದರೆ ಜೈಲು ಎಂದು ಆಗ ಕ್ಯಾಪ್ಟನ್ನೇ ಹೆದರಿಸಿದ್ದ.

ಎಡ್ನಾಳ ಮುಖ ಅರಳಿತು. ಕಾರ್ಯದರ್ಶಿಗೆ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿ ಬರೆಸಿ, ನನ್ನ ಕಡೆ ತಿರುಗಿದಳು.

“ನೀವು ಪಕ್ಕದಲ್ಲೇ ಇದ್ರಂತಲ್ಲ, ವಿಲ್ಫ್. ಅವನಿಗೆ ಗೊತ್ತೇ ಆಗ್ಲಿಲ್ಲ ಅಲ್ವಾ?”

“ಹೂಂ ಅನ್ನು ಟ್ರ್ಯಾನ್ಮರ್, ಮುಗಿಸೋಣ,” ಎಂದ ಕ್ಯಾಪ್ಟನ್, ಹಡಗಿನಲ್ಲಿ ಕರೆಯುತ್ತಿದ್ದ ಹಾಗೇ ನನ್ನ ಮನೆತನದ ಹೆಸರು ಹಿಡಿದು.

ಹೂಂ ಅಂದಿದ್ದರೆ ಆರ್ಥರನ ಮುದಿ ತಾಯಿಗೆ ಆ ಹೆಸರು ಸಿಗುತ್ತಿತ್ತು. ಆದರೆ ಅವನು ಪೇಸ್ಟಿಯ ಚೂರು ಬಾಯಿಗೆ ಹಾಕಿಕೊಳ್ಳುತ್ತ ಹಾಗಂದದ್ದು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

“ಇಲ್ಲ ಎಡ್ನಾ,” ಎಂದೆ. “ಅವನು ಬದುಕಿದ್ದ. ನಾನು ಎಸೆದ ಲೈಫ್‌ಬೆಲ್ಟು ಅವನಿಗೆ ಸಿಕ್ತು. ಅದನ್ನ ಹಿಡ್ಕೊಂಡು ಕೈ ಬೀಸ್ದ. ನಾನು ಓಡಿಹೋಗಿ ಈ ಸಾಹೇಬ್ರಿಗೆ ಹೇಳ್ದೆ. ಹಿಂದೆ ಬರೋ ಹಡಗು ಎತ್ಕೊಳ್ಳುತ್ತೆ ಅಂದ್ರು. ಹಿಂದೆ ಯಾವ ಹಡಗೂ ಇರ್ಲಿಲ್ಲ. ಸಂಜೆ ಸಿಡ್ನೀಲಿ ಇವರಿಗೆ ವಿಜಯದ ಔತಣ ಇತ್ತು.”

ಕ್ಯಾಪ್ಟನ್ ಬಾಯಿ ಒರೆಸಿಕೊಂಡು, ಇಂಥದ್ದನ್ನೆಲ್ಲ ಅಚ್ಚು ಹಾಕಲಾಗದು ಎಂದ. ಸುಳ್ಳು ಎನ್ನಲಿಲ್ಲ. ಉಳಿದವರು ತಟ್ಟೆ ನೋಡುತ್ತ ಕೂತರು. ಹಾಗಾದರೆ ಹೆಸರು ಇರಲೋ ಬೇಡವೋ ಎಂದು ಕಾರ್ಯದರ್ಶಿ ಪೆನ್ನು ಹಿಡಿದು ಕೇಳಿದ, ಹೇಸಿಗೆಯವನು.

“ಬೇಡ. ಈ ಮನುಷ್ಯನ ಹೆಸರಿರೋ ಪುಸ್ತಕದಲ್ಲಿ ನಮ್ಮ ಆರ್ಥರ್ ಬೇಡ,” ಎಂದಳು ಎಡ್ನಾ.

ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲ ತನಕ ಬಂದಳು. ನಾನೂ ಹಿಂದೆಯೇ ಹೋದೆ. ಕಂಬಿ ಹಿಡಿದು ನಿಂತಳು.

“ಬೆಲ್ಟು ಅವನ ಕೈಗೆ ಸಿಕ್ಕಿತ್ತು ಅಂದ್ರಲ್ಲ?”

“ಸಿಕ್ಕಿತ್ತು.”

“ಹಾಗಾದ್ರೆ ನೀವು ಬರ್ತೀರ ಅಂತ ಕಾಯ್ತಾ ಇದ್ದ,” ಎಂದಳು.