ಹೆಸರಿಲ್ಲದ ಕೈಗಳು

ಪರದೆಯ ಮೇಲಿನ ಸಾಲು ಓದಿ ರೋಹಿಣಿ ಕುರ್ಚಿಯಿಂದ ಬೀಳಲಿಲ್ಲ, ನಿಜ. ಆದರೆ ಕುರ್ಚಿ ಕಿರುಗುಟ್ಟಿದ ಸದ್ದು ಇಳಕಲ್ಲಿನಿಂದ ಹುನಗುಂದದ ಕೋರ್ಟಿನವರೆಗೂ ಕೇಳಿಸಿರಬೇಕು. ‘ಮೂರು ಲೋಕದಲ್ಲಿ ನಿಂಗಣ್ಣನಂಥ ನೇಕಾರ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ.’ ಅಂತರಜಾಲದ ಕನ್ನಡ ವಿಶ್ವಕೋಶದಲ್ಲಿದ್ದ ಇಳಕಲ್ ಸೀರೆಯ ಲೇಖನದಲ್ಲಿ ನಿನ್ನೆಯವರೆಗೆ ಈ ಸಾಲು ಇರಲಿಲ್ಲ. ಈಗ ಲೇಖನದ ನೆತ್ತಿಯ ಮೇಲೊಂದು ಕೆಂಪು ಪಟ್ಟಿ ಬೇರೆ: ಇದು ಜಾಹೀರಾತಿನಂತಿದೆ, ತಿದ್ದದಿದ್ದರೆ ವಾರದೊಳಗೆ ಅಳಿಸಲಾಗುವುದು.

೨೦೦೮ರ ಮಾತು ಇದು. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ರೋಹಿಣಿ ತನ್ನ ಬಿ.ಎ. ತರಗತಿಗೆ ಈ ವಿಶ್ವಕೋಶಕ್ಕೆ ತಲೆಗೊಂದು ಲೇಖನ ಬರೆಯಲು ಹಚ್ಚಿದ್ದಳು. ಮೊದಲ ಕರಡುಗಳಲ್ಲಿ ಪುಟ್ಟ ಊರು ಕಮತಗಿ ಮುಂಬಯಿಗಿಂತ ದೊಡ್ಡದಿತ್ತು, ಬಾದಾಮಿಯ ಮಂಗಗಳಿಗೆ ಸಂಸ್ಕೃತ ಬರುತ್ತಿತ್ತು. ಅವಳು ಕತ್ತರಿಸಿ ಎಸೆದ ಹೊಗಳಿಕೆಗಳನ್ನೆಲ್ಲ ಒಟ್ಟಿದ್ದರೆ ಬಾಗಲಕೋಟೆಯ ನವನಗರದ ಅರ್ಧ ಸೆಕ್ಟರು ಮುಚ್ಚಿಹೋಗುತ್ತಿತ್ತು. ಅಂಥದರಲ್ಲಿ ಕತ್ತರಿಯೇ ಬೇಡದ ಲೇಖನ ಬರೆದವಳು ಸುಶ್ಮಿತಾ ಒಬ್ಬಳೇ, ಅದೇ ಈ ಇಳಕಲ್ ಸೀರೆಯ ಲೇಖನ.

“ಯಾರವ್ವಾ ಇದನ್ನ ಸೇರಿಸ್ದವರು?” ಎಂದು ರೋಹಿಣಿ ಅವಳನ್ನು ಕರೆದು ಕೇಳಿದಳು.

ಸುಶ್ಮಿತಾ ನೆಲ ನೋಡಿದಳು. “ನಮ್ಮಪ್ಪಾರಿ. ಯಾರ ಬೇಕಾದ್ರೂ ತಿದ್ದಬಹುದು ಅಂತ ನಾನ ಹೇಳಿದ್ದೆ. ಶಾಬುದ್ದೀನ ಕಾಕಾನ ಫೋಟೋ ಅಂಗಡ್ಯಾಗ ಕಂಪ್ಯೂಟರ ಮುಂದ ಕುಂತು ಬರಸ್ಯಾನ. ಸಂಜಿಗೆ ಓಣಿ ಮಂದಿನ್ನೆಲ್ಲಾ ನೋಡಾಕ ಕರದಾನ್ರಿ. ತನ್ನ ಹೆಸರ ತಗದ್ರ ಕಾಲೇಜ ಸಾಕು, ಮನ್ಯಾಗ ನೂಲಿನ ಕಂಡಿಕಿ ಸುತ್ತು ಅಂತಾನ.”

ಸಾಲು ಉಳಿದರೆ ಲೇಖನ ಹೋಗುತ್ತಿತ್ತು, ಸಾಲು ಹೋದರೆ ಹುಡುಗಿಯ ಓದು. ತಾನೇ ಒತ್ತಿ ಅಳಿಸಿಬಿಡಲೆಂದು ರೋಹಿಣಿಯ ಬೆರಳು ತುರಿಸಿತು. ಆದರೆ ಲೇಖನ ತನ್ನದಲ್ಲ, ಸುಶ್ಮಿತಾಳದು. ಎದ್ದು, ಶಾಬುದ್ದೀನನ ಸ್ಟುಡಿಯೋದಿಂದ ಕ್ಯಾಮೆರಾ ಇಸಿದುಕೊಂಡು, ಹುಡುಗಿಯ ಜೊತೆ ಅವಳ ಮನೆಗೆ ನಡೆದಳು.

ನಿಂಗಣ್ಣ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೇಡಂನ ಕಂಡದ್ದೇ ತಡ, ತಾನು ನೇಯ್ದ ಸೀರೆಗಳನ್ನು ಹಾಸಿದರೆ ಚಂದ್ರನ ತನಕ ಹೋಗಿ ಬರಬಹುದೆಂದು ಶುರುಮಾಡಿದ. ಮಾತು ಬ್ಯಾಡ, ಕೊಂಡಿ ಹಾಕುವುದನ್ನು ತೋರಿಸ್ರಿ ಎಂದಳು ರೋಹಿಣಿ. ಸೀರೆಯ ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ಕೆಲಸ ಅದು. ನಿಂಗಣ್ಣ ಬಗ್ಗಿದ, ಹುಟ್ಟಿದಾರಭ್ಯ ಮುಚ್ಚದ ಅವನ ಬಾಯಿ ಮುಚ್ಚಿತು. ಸುಶ್ಮಿತಾ ಕೈಗಳ ಚಿತ್ರ ತೆಗೆದಳು.

ಮಧ್ಯಾಹ್ನ ಆ ಸಾಲು ಅಳಿಸುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಚಿತ್ರ ಹಾಕಿ ಕೆಳಗೆ ಬರೆದಳು: ‘ಕೊಂಡಿ ಹಾಕುತ್ತಿರುವ ನೇಕಾರ, ಇಳಕಲ್.’

ಸಂಜೆ ಶಾಬುದ್ದೀನನ ಅಂಗಡಿಗೆ ಅರ್ಧ ಇಳಕಲ್ ಬಂತು. ಉಳಿದರ್ಧ ಹೊರಗೆ ಚಪ್ಪಲಿ ಕಾಯಿತು. ಮದುಮಗನಂತೆ ರುಮಾಲು ಸುತ್ತಿಕೊಂಡ ನಿಂಗಣ್ಣ ಲೇಖನವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ.

“ನನ್ನ ಹೆಸರೆಲ್ಲಿ?”

“ತಗದೇನಿ ಅಪ್ಪಾ.” ಸುಶ್ಮಿತಾ ಅಪ್ಪನ ಎದುರಿಗೆ ಬಂದು ನಿಂತಳು. “ನಾನ ತಗದೇನಿ. ಅದಿದ್ರ ಲೇಖನಾನ ಉಳೀತಿರಲಿಲ್ಲ.”

ಫ್ಯಾನು ಕೂಡ ತಿರುಗಲು ಹೆದರಿತು. ರೋಹಿಣಿ ಒಂದು ಹೆಜ್ಜೆ ಮುಂದಿಟ್ಟು, ತಡೆದು ನಿಂತಳು. ಅಷ್ಟರಲ್ಲಿ ಎದುರುಮನೆಯ ನೇಕಾರ ಸೋಮಲಿಂಗ ಜನರನ್ನು ಸರಿಸಿ ಒಳಬಂದ. ನಿಂಗಣ್ಣನಿಗೂ ಅವನಿಗೂ ಮಹಾಭಾರತದ ಕಾಲದಿಂದ ಮಾತಿಲ್ಲ. ಚಷ್ಮಾ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಚಿತ್ರವನ್ನು ನೋಡಿಯೇ ನೋಡಿದ.

“ಹೆಸರ್ಯಾಕ ಬೇಕಲೇ?” ಎಂದ. “ಇಷ್ಟ ಸಣ್ಣ ಕೊಂಡಿ ಈ ಊರಾಗ ಮತ್ತ್ಯಾರ ಹಾಕ್ತಾರ? ನನ್ನ ಕೈಗೂ ಬಂದಿಲ್ಲ.”

ಯಮನಿಗೂ ತಿರುಗಿ ಉತ್ತರ ಕೊಡುವ ನಿಂಗಣ್ಣ ಈಗ ಬಗ್ಗಿ ಚಿತ್ರವನ್ನೇ ಇನ್ನೊಮ್ಮೆ ನೋಡಿದ. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಮಗಳಿಗೆ, “ನಡಿ, ಮುಂಜಾನಿ ಕಾಲೇಜಿಗೆ ಲಗೂ ಏಳಬೇಕು ನೀ” ಎಂದ.

ರೋಹಿಣಿ ಬಾಗಿಲಲ್ಲಿ ನಿಂತು ನೋಡಿದಳು. ಸುಶ್ಮಿತಾ ಮುಂದೆ ನಡೆದಿದ್ದಳು. ಹಿಂದೆ ಬರುತ್ತಿದ್ದ ನಿಂಗಣ್ಣ ಕಿರಾಣಿ ಅಂಗಡಿಯ ದೀಪದ ಕೆಳಗೆ ಒಂದು ಗಳಿಗೆ ನಿಂತ. ಎರಡೂ ಕೈಗಳನ್ನು ಮುಂದೆ ಹಿಡಿದು, ಮೆಲ್ಲಗೆ ತಿರುವಿ, ಮತ್ತೆ ತಿರುವಿ ನೋಡಿಕೊಂಡ.