ನಡೆದು ಅಳೆದವರು

ನಡೆಯುವಾಗ ಅವರು ಮಾತಾಡುತ್ತಿರಲಿಲ್ಲ. ಜೊತೆಗೆ ಹೋದವರು ಏನೇ ಕೇಳಲಿ, ಎಡಗೈಯನ್ನು ತುಸು ಎತ್ತಿ ತಡೆಯುವರು; ಬಲಗೈ ಮಾತ್ರ ಕೋಟಿನ ಜೇಬಿನೊಳಗೇ ಇರುವುದು. ಹೊಸಬರು ಇದನ್ನು ಗರ್ವವೆಂದು ತಿಳಿಯುತ್ತಿದ್ದರು. ನಿಜಕ್ಕೂ ಅವರು ಹೆಜ್ಜೆ ಎಣಿಸುತ್ತಿದ್ದರು. ನೂರು ಹೆಜ್ಜೆಯಾದೊಡನೆ ಬಲಜೇಬಿನ ಒಂದು ಅಂಗಿಗುಂಡಿ ಎಡಜೇಬಿಗೆ ಹೋಗುತ್ತಿತ್ತು. ಗುಂಡಿಗಳು, ದರ್ಜಿಯಾಗಿದ್ದ ಅವರ ತಾಯಿ ಬಿಟ್ಟುಹೋದ ಡಬ್ಬಿಯವು. ಕೋಟು ತಮ್ಮನದು, ಎರಡಳತೆ ದೊಡ್ಡದು; ಹೆಂಗಸರ ಉಡುಪಿಗೆ ಜೇಬಿಲ್ಲವೆಂಬ ಒಂದೇ ಕಾರಣಕ್ಕೆ ಕಡುಬೇಸಿಗೆಯಲ್ಲೂ ಅದನ್ನು ತೊಟ್ಟಿರುತ್ತಿದ್ದರು.

"ಕೋಟೂ ಹೋಯ್ತು, ಮಾತೂ ಇಲ್ಲ," ಎಂದು ಆ ತಮ್ಮ ಗೊಣಗುತ್ತಿದ್ದ. "ನಮ್ಮಕ್ಕನ ಜೊತೆ ನಡೆಯೋದಕ್ಕಿಂತ ಕರೆಂಟ್ ಕಂಬದ ಪಕ್ಕ ನಿಂತ್ಕೊಳ್ಳೋದು ವಾಸಿ. ಅದಾದ್ರೂ ಗುಂಯ್ ಅನ್ನುತ್ತೆ."

ಕಾಲೇಜಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ನಾನೊಮ್ಮೆ ಟೇಪು ಹಿಡಿದು ಪರೀಕ್ಷಿಸಿದ್ದೆ. ಅವರ ಹೆಜ್ಜೆ ಅರವತ್ತೆಂಟು ಸೆಂಟಿಮೀಟರು. ನೂರು ಹೆಜ್ಜೆಗೆ ಬಂದ ವ್ಯತ್ಯಾಸ ಒಂದು ಗೇಣನ್ನು ಮೀರಲಿಲ್ಲ. ನಮ್ಮ ಕಾಲೇಜಿನ ಪ್ರಯೋಗಾಲಯದ ಕೆಲವು ಉಪಕರಣಗಳಿಗೆ ಆ ಮರ್ಯಾದೆ ಇರಲಿಲ್ಲ.

ಹನ್ನೆರಡು ವರ್ಷ ಅವರು ಆರೋಗ್ಯ ಇಲಾಖೆಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದರು. ಪ್ರತಿ ಸಭೆಯ ನಡಾವಳಿಯಲ್ಲೂ "ನಗರದ ಸರಾಸರಿ ತೃಪ್ತಿಕರ" ಎಂಬ ಸಾಲನ್ನು ಬಡಿದು ಬಡಿದು, ಒಂದು ದಿನ ಅದೇ ಅಂಕಿಗಳನ್ನು ಬಡಾವಣೆವಾರು ಬಿಡಿಸಿ ಹಾಕಿದರು. ಗುಡ್ಡದ ಮೇಲಿನ ಬಂಗಲೆಗಳ ಸಾಲಿನಲ್ಲಿ ಹೆರಿಗೆಯಲ್ಲಿ ಸತ್ತ ಹೆಂಗಸರು ಎಷ್ಟೋ, ರೈಲ್ವೆ ಗೂಡ್ಸ್ ಯಾರ್ಡಿನ ಆಚೆಗೆ ಅದರ ಆರರಷ್ಟು.

"ನಿಮ್ಮ ಕೆಲಸ ಟೈಪ್ ಮಾಡೋದು, ಅಲ್ವೇನಮ್ಮ?" ಎಂದರು ಅಧಿಕಾರಿ.

"ಅದನ್ನೇ ಮಾಡಿದೀನಿ ಸಾರ್. ಈ ಸಲ ಪೂರ್ತಿ ಮಾಡಿದೀನಿ."

ಆ ತಿಂಗಳೇ ಕೆಲಸ ಬಿಟ್ಟರು. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಪಂಕ್ಚರ್ ಹಾಕುವ ಅಂಟಿನ ವಾಸನೆ ಸದಾ ಏರಿಬರುವ ಎರಡು ಕೋಣೆಗಳಲ್ಲಿ, ಹೆರಿಗೆ ಸಾವುಗಳ ಲೆಕ್ಕವಿಡುವ ಅವರದೇ ಕಚೇರಿ ಶುರುವಾಯಿತು. ಅಂಕಿ ತಪಾಸಣೆಗೆಂದು ಹೋದ ನಾನು ಅಲ್ಲೇ ಉಳಿದೆ. ಯಾರು ಎಷ್ಟು ದೂರದಲ್ಲಿದ್ದಾರೆಂಬುದೇ ಯಾರು ಬದುಕುತ್ತಾರೆಂಬುದನ್ನು ನಿರ್ಧರಿಸುತ್ತದೆ ಎಂದು ಅವರು ನಂಬಿದ್ದರು. ಮಂತ್ರಿಗಳ ಪಡಸಾಲೆಗಳಲ್ಲಿ, ಪತ್ರಿಕಾ ಕಚೇರಿಗಳ ಬೆಂಚುಗಳ ಮೇಲೆ ಕೂತು ಕೂತು ಹನ್ನೊಂದು ವರ್ಷಕ್ಕೆ ಒಂದು ನಿಯಮವನ್ನು ಮಾಡಿಸಿದರು: ಯಾವ ಮನೆಯೂ ಹೆರಿಗೆ ಆಸ್ಪತ್ರೆಯಿಂದ ಎರಡು ಕಿಲೋಮೀಟರಿಗಿಂತ ದೂರವಿರಕೂಡದು. ಕರಡು ಬರೆದವರು ಅವರೇ. ಮೂರು ಸಲ ತಿದ್ದಿ ಓದಿದವನು ನಾನು. ಎರಡು ವರ್ಷದಲ್ಲಿ ಐದು ಹೊಸ ಆಸ್ಪತ್ರೆಗಳು ತೆರೆದವು.

ಮೂರನೆಯ ವರ್ಷ ಖರ್ಚು ಉಳಿಸಲು ಹೊರಟ ಇಲಾಖೆ ಅದೇ ನಿಯಮವನ್ನು ಕೈಗೆತ್ತಿಕೊಂಡಿತು. ನಕ್ಷೆಯ ಮೇಲೆ ಸ್ಕೇಲ್ ಇಟ್ಟಿತು. ಯಾರ್ಡಿನ ಆಚೆಯ ಹಳೆಯ ಹೆರಿಗೆ ಆಸ್ಪತ್ರೆಯಿಂದ ಈಚೆಯ ಹೊಸದಕ್ಕೆ ಒಂದೂವರೆ ಕಿಲೋಮೀಟರು. ಆದ್ದರಿಂದ ಹಳೆಯದು ಬೇಡ ಎಂದು ಮುಚ್ಚಿತು. ಆದರೆ ಆ ಗೆರೆ ಹದಿನಾರು ಹಳಿಗಳನ್ನೂ ಎರಡು ಕಾಂಪೌಂಡ್ ಗೋಡೆಗಳನ್ನೂ ದಾಟಿ ಹೋಗಿತ್ತು. ಸುತ್ತಿ ನಡೆದರೆ ನಾಲ್ಕೂಮುಕ್ಕಾಲು. "ನಡೆಯುವ ದಾರಿಯಲ್ಲಿ" ಎಂಬ ಎರಡು ಮಾತು ಕರಡಿನಲ್ಲಿರಲಿಲ್ಲ. ಜೀವಮಾನವೆಲ್ಲ ಕಾಲಿನಿಂದಲೇ ಅಳೆದವರಿಗೆ, ದೂರವನ್ನು ಬೇರೆ ಯಾವುದರಿಂದಲಾದರೂ ಅಳೆಯಬಹುದೆಂಬುದು ಹೊಳೆದೇ ಇರಲಿಲ್ಲ. ಹಕ್ಕಿ ಹಾರುವ ನೇರ ಗೆರೆಯ ದೂರವನ್ನು ತರಗತಿಯಲ್ಲಿ ಕಲಿಸುತ್ತಿದ್ದ ನನಗೆ ಹೊಳೆಯಬೇಕಿತ್ತು.

ನಾಲ್ಕು ತಿಂಗಳೊಳಗೆ, ರೈಲ್ವೆ ಗೇಟಿನ ಹತ್ತಿರ, ನಿಂತ ಆಟೋದಲ್ಲಿ ಒಬ್ಬಳು ಹೆತ್ತಳು. ಮಗು ಉಳಿಯಿತು, ಅವಳು ಉಳಿಯಲಿಲ್ಲ.

ಅವಳ ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ನಾವು ಹೋದಾಗ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಡದೆಯೇ ಮಾತಾಡಿದಳು.

"ಆ ಕಾಯ್ದೆ ಬರೆದೋರು ನೀವೇ ಅಂತೆ, ಹೌದಾ?"

"ಹೌದಮ್ಮ."

"ಹಂಗಾದ್ರೆ ಬದಲಾಯ್ಸಿ. ಆಸ್ಪತ್ರೆ ಬಾಗಿಲು ತೆಗೆಸಿ. ಎರಡನೇ ಮಗಳು ಈಗ ಐದು ತಿಂಗಳ ಬಸ್ರಿ."

ಮುಂದಿನ ದಿನಗಳೆಲ್ಲ ಆ ಒಂದು ಬಾಗಿಲನ್ನು ತೆರೆಸುವುದಕ್ಕೇ ಮೀಸಲಾದವು. ಇಲಾಖೆಯ ನಿರ್ದೇಶಕರು ಒಳ್ಳೆಯವರು, ಉಪಾಯವೊಂದನ್ನೂ ಹೇಳಿದರು. "ಮೇಡಂ, ನಕ್ಷೆ ಗುಮಾಸ್ತ ತಪ್ಪು ಅಳೆದ ಅಂತ ಬರ್ಕೊಡಿ. ಅವನಿಗೊಂದು ನೋಟಿಸ್ ಕೊಡ್ತೀವಿ, ಆಸ್ಪತ್ರೆ ತೆಗೀತೀವಿ. ನಿಮ್ಮ ನಿಯಮಕ್ಕೂ ಪೆಟ್ಟಿಲ್ಲ."

"ಅವನು ಸರಿಯಾಗೇ ಅಳೆದಿದಾನೆ. ಬರೆಯೋದನ್ನ ಮರೆತೋಳು ನಾನು."

ಮೆಟ್ಟಿಲಿಳಿಯುತ್ತ ನಾನು, "ಒಪ್ಪಿಕೊಂಡುಬಿಡಿ ಅಕ್ಕ. ನೋಟಿಸ್ ತಾನೆ, ಕೆಲಸ ಹೋಗಲ್ಲ," ಎಂದೆ.

"ಮೇಷ್ಟ್ರೇ, ಅವನ ತಲೆ ಮೇಲೆ ಹಾಕಿದ್ರೆ ಈ ಒಂದು ಆಸ್ಪತ್ರೆ ತೆಗೀತಾರೆ. ನಿಯಮ ಹಾಗೇ ಇರುತ್ತೆ. ನಾಳೆ ಇನ್ನೊಂದು ಕಡೆ ಇನ್ನೊಬ್ಬ ಗುಮಾಸ್ತ ಸರಿಯಾಗಿ ಅಳೀತಾನೆ."

ತರ್ಕದಲ್ಲಿ ಎಲ್ಲೂ ದೋಷವಿರಲಿಲ್ಲ. ತಪ್ಪು ತಮ್ಮದೆಂದೂ, ಎರಡು ಮಾತು ಸೇರಿಸಬೇಕೆಂದೂ ಒಂದೇ ಪುಟದ ಪತ್ರ ಬರೆದು ಇಲಾಖೆಯ ಸಮಿತಿಯೆದುರು ತಾವೇ ಓದಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, ಸಣ್ಣದಾಗಿ ನಕ್ಕರು. "ಹೆತ್ತೋರೇ ಕೂಸು ಕುಂಟು ಅಂದ್ಮೇಲೆ ನಾವು ಯಾಕೆ ಎತ್ತಿಕೊಂಡು ತಿರುಗಬೇಕು?" ಮೇಜಿನ ಸುತ್ತ ಕೂತವರೂ ನಕ್ಕರು. ಮರುಪರಿಶೀಲನೆಯ ನೆಪದಲ್ಲಿ ನಿಯಮವನ್ನೇ ತಡೆಹಿಡಿದರು. ಆಚೆಯ ಆಸ್ಪತ್ರೆ ತೆರೆಯಲಿಲ್ಲ. ವರ್ಷದೊಳಗೆ ಹೊಸ ಐದರಲ್ಲಿ ಎರಡು ಮುಚ್ಚಿದವು.

ಸಮಿತಿಯ ತೀರ್ಮಾನವನ್ನು ಆಗಲೇ ಇಸ್ತ್ರಿಯವಳಿಗೆ ತಾವೇ ಹೋಗಿ ಹೇಳಿದ್ದರು. ಬಸುರಿ ಮಗಳನ್ನು ಅವಳು ಯಾರ್ಡಿನ ಈಚೆ, ದೂರದ ನೆಂಟರ ಮನೆಯ ಜಗಲಿಗೆ ಸಾಗಿಸಿದಳು. ಆ ಹೆರಿಗೆ ಸುಸೂತ್ರವಾಯಿತು. ನೆಂಟರಿಲ್ಲದವರ ಅಂಕಿ ಆಮೇಲೆ ನಮ್ಮ ಪಟ್ಟಿಗೆ ಬರತೊಡಗಿತು.

ಅಕ್ಕ ಮತ್ತೆ ಪಡಸಾಲೆಗಳಲ್ಲಿ ಕೂರತೊಡಗಿದರು. ಈಗ ಅವರನ್ನು ಹೆಚ್ಚು ಹೊತ್ತು ಕೂರಿಸುತ್ತಿದ್ದರು. ಸಮಾಧಾನ ಹೇಳಬೇಕೆನಿಸಿ ನಾನೊಂದು ಮಧ್ಯಾಹ್ನ ಕಾಗದ ಹಿಡಿದು ಲೆಕ್ಕ ಹಾಕಿದೆ: ನಿಯಮ ನಡೆದಷ್ಟು ಕಾಲ ಅದರಿಂದ ಉಳಿದ ತಾಯಂದಿರು, ಅಂದಾಜು ಮೂವತ್ತೆಂಟು.

ಅವರು ಕಾಗದವನ್ನು ಪೂರ್ತಿ ಓದಿದರು. ಭಾಗಾಕಾರದಲ್ಲಿ ಒಂದು ತಪ್ಪನ್ನೂ ತಿದ್ದಿ ನಲವತ್ತೊಂದು ಮಾಡಿದರು. ಆಮೇಲೆ ಕೇಳಿದರು: "ಇವರಲ್ಲಿ ಒಬ್ಬಳ ಹೆಸರು ಹೇಳಿ, ನೋಡೋಣ."

ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ.

"ಆಟೋದಲ್ಲಿ ಹೆತ್ತವಳ ಹೆಸರು ನನಗೆ ಗೊತ್ತು," ಎಂದರು.

ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡಾಗ ಆ ಎರಡು ಮಾತು ಸೇರಿಸುವ ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು. ಇಂಥವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ತೋರುವುದಿಷ್ಟು: ಇವರು ಗೆದ್ದ ಕಡೆ ಏನೂ ನಡೆಯುವುದಿಲ್ಲ. ಒಬ್ಬಳು ಹೆತ್ತು ಮನೆಗೆ ಹೋಗುತ್ತಾಳೆ, ಮಗುವಿಗೆ ಹಾಲು ಕುಡಿಸುತ್ತಾಳೆ, ತಾನು ಯಾವುದರಿಂದ ಪಾರಾದೆನೆಂಬುದು ಅವಳಿಗೇ ತಿಳಿಯದು. ಸೋತ ಕಡೆ ಮಾತ್ರ ಒಂದು ಹೆಸರು, ಒಂದು ಮನೆ, ಬಾಗಿಲಲ್ಲಿ ನಿಂತ ಒಬ್ಬ ತಾಯಿ. ಉಳಿದವರೆಲ್ಲ ಅಂದಾಜಿನೊಳಗೇ ಉಳಿದುಬಿಡುತ್ತಾರೆ. ಇವರು ಆ ಒಬ್ಬಳ ಜೊತೆ ಬಾಳುತ್ತಾರೆ.