ಕೆಂಪು ದಾರದ ರೇಜರ್

ಹತಾರದ ಪೆಟ್ಟಿಗೆ ತೆರೆದ ಕ್ಷೌರಿಕ ಖಂಡಪ್ಪ ಹೆಣದ ಮುಖ ನೋಡಿ ಅದನ್ನು ಮತ್ತೆ ಮುಚ್ಚಿಬಿಟ್ಟ.

"ನನ್ನಿಂದ ಆಗಲ್ರಿ ಅಕ್ಕಾರ. ಎಲ್ಲೆರ ರಕ್ತ ಹತ್ತಿದ್ರ? ನಾನೂ ಮಕ್ಕಳ ಮರಿ ಇದ್ದಾಂವ."

"ಬದುಕಿದ್ದಾಗೂ ಇದೇ ರಾಗ, ಸತ್ತಾಗೂ ಇದೇ ರಾಗ! ಹೋಗು, ಹೋಗು," ಎಂದು ಶಿವಕಾಂತಾ ಸಿಡುಕಿದಳು.

ಕಿಣ್ಣಿ ಸುಲ್ತಾನ ಊರಿನ ಆ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಚಂದ್ರಾಮಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಗಲ್ಲದ ತುಂಬ ಎರಡು ವಾರದ ಬಿಳಿ ಗಡ್ಡ. ಅವರ ಮಂದಿ ಮಣ್ಣಿಗೆ ಕೂತೇ ಹೋಗುವವರು. ದಾರಿಯುದ್ದಕ್ಕೂ ಊರೆಲ್ಲ ಮುಖ ನೋಡುತ್ತದೆ. ಬಸ್ಸಿನಲ್ಲಿ ಟಿಕೀಟು ಹರಿದೇ ಆಯುಷ್ಯ ಕಳೆದ ಕಂಡಕ್ಟರು, ಒಂದು ದಿನವೂ ಗಡ್ಡ ಬಿಟ್ಟು ಡ್ಯೂಟಿಗೆ ಹೋದವನಲ್ಲ. ಅವನನ್ನು ಹೀಗೆ ಕಳಿಸಲು ಶಿವಕಾಂತಾಳಿಗೆ ಸುತರಾಂ ಮನಸ್ಸಿರಲಿಲ್ಲ.

"ಮಾರಿಗಿ ಒಂದ ಟಾವೆಲ್ ಹಾಕ್ರಿ ವೈನಿ, ಮುಗೀತು. ಹೊತ್ತ ಇಳಿಯಾಕ ಬಂತು," ಎಂದ ಮೈದುನ ಮಹಾದೇವಪ್ಪ. ಅದನ್ನೂ ಹೊಸ್ತಿಲ ಆಚೆ ನಿಂತೇ ಹೇಳಿದ.

"ನಿಮ್ಮ ಅಣ್ಣ ಕಳವು ಮಾಡ್ಯಾರೇನು, ಮಾರಿ ಮುಚ್ಚಾಕ? ಆಳಂದಕ್ಕ ಹೇಳಿ ಕಳಿಸೀನಿ, ಲಾಡ್ಲೆಸಾಬ ಅಣ್ಣ ಬಂದು ದಾಡಿ ಮಾಡ್ತಾರ. ಅಲ್ಲೀತನಕ ಅವರನ್ನ ಎತ್ತಬ್ಯಾಡ್ರಿ."

"ಜಗಳಾಡಿ ಹೋದಾಂವ ಬರ್ತಾನೇನ್ರಿ?"

ಅವಳ ಎದೆಯಲ್ಲೂ ಅದೇ ಹೆದರಿಕೆ ಕೂತಿತ್ತು.

*

ಅಪಘಾತದಲ್ಲಿ ಕಾಲು ಮುರಿದಾಗ ಚಂದ್ರಾಮಪ್ಪನಿಗೆ ರಕ್ತ ಹಾಕಿದ್ದರು. ವರ್ಷಗಳು ಕಳೆದು, ತೊಂಬತ್ತಾರನೇ ಇಸವಿಯಲ್ಲಿ, ಸೊಲ್ಲಾಪುರದ ಡಾಕ್ಟರು ಹೆಪಟೈಟಿಸ್ ಸಿ ಎಂದರು. ಲಿವರ್ ತಿನ್ನುವ ರೋಗ, ಒಟ್ಟಿಗೆ ಕೂತು ಉಂಡರೆ ಹತ್ತುವುದಿಲ್ಲ, ರಕ್ತದಿಂದ ಹತ್ತುತ್ತದೆ, ರೇಜರ್ ಬೇರೆ ಇಡಿ ಎಂದರು. ಊರಿಗೆ 'ಹತ್ತುತ್ತದೆ' ಎಂಬುದಷ್ಟೇ ಕೇಳಿಸಿತು. ಖಂಡಪ್ಪ ದಾಡಿ ಮಾಡುವುದನ್ನು ಬಿಟ್ಟ, ಬೀಗರು ಮನೆಯ ಚಹಾ ಬಿಟ್ಟರು, ಚಂದ್ರಾಮಪ್ಪ ದನದ ಕೊಟ್ಟಿಗೆಯಲ್ಲಿ ಹಾಸಿಕೊಂಡು ಮಾತೇ ಬಿಟ್ಟ.

ಅವನನ್ನು ಎಬ್ಬಿಸಿದವನು ಆಳಂದದ ದರ್ಜಿ ಲಾಡ್ಲೆಸಾಬ. ಸೊಲ್ಲಾಪುರದ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವನು, ಅದೇ ರೋಗದವನು. ಒಂದು ಐತವಾರ ಸೀದಾ ಕೊಟ್ಟಿಗೆಗೆ ನುಗ್ಗಿ, "ಏಳಲೇ! ನೀ ಏನ ಎಮ್ಮಿ ಏನು? ನಂಗೂ ಅದೇ ಅದ. ನಾ ಅಂಗಿ ಹೊಲಿಯಾಕತ್ತಿಲ್ಲೇನು?" ಎಂದು ರಟ್ಟೆ ಹಿಡಿದು ಎಳೆದ.

ಅಂದಿನಿಂದ ಐತವಾರಕ್ಕೊಮ್ಮೆ ಪಡಸಾಲೆಯಲ್ಲಿ ಇಬ್ಬರ ದಾಡಿ. ತಾವೇ ಮಾಡಿಕೊಂಡರೆ ಕೊಯ್ದುಕೊಳ್ಳುವರು, ಈ ರೋಗದಲ್ಲಿ ಕೊಯ್ದರೆ ರಕ್ತ ಬೇಗ ನಿಲ್ಲದು. ಹಾಗಾಗಿ ಇವನಿಗೆ ಅವನು, ಅವನಿಗೆ ಇವನು. ಗೂಟಕ್ಕೆ ಎರಡು ರೇಜರ್: ಕೆಂಪು ದಾರದ್ದು ಚಂದ್ರಾಮಪ್ಪನದು, ಕಪ್ಪು ದಾರದ್ದು ಲಾಡ್ಲೆಸಾಬನದು. ಕನ್ನಡಿ ಹಿಡಿಯುವ ಕರ್ಮ ಶಿವಕಾಂತಾಳದು. ಅವರ ಬೈದಾಟ ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. "ಉಪ್ಪಿನಕಾಯಿ ಮುಟ್ಟಬ್ಯಾಡಲೇ" ಎನ್ನುತ್ತಲೇ ಲಾಡ್ಲೆಸಾಬ ತಾನು ಎರಡು ಹೋಳು ಬಾಯಿಗೆ ಎಸೆದುಕೊಳ್ಳುತ್ತಿದ್ದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ! ಆದರೂ ಐತವಾರ ಗಂಡ ನಗುತ್ತಿದ್ದ.

ಎರಡು ವಾರದ ಹಿಂದೆ ಗಂಡ ಮಹಾರಾಯ ಡಾಕ್ಟರು ಬೇಡವೆಂದರೂ ಯಾರೋ ಕೊಟ್ಟ ಕಷಾಯ ಕುಡಿದ. "ಸಾಯಾಕ ಹೊಂಟಾಂವಗ ನಾ ಯಾಕ ಬೇಕು? ಇನ್ನ ಬರಾಂಗಿಲ್ಲ," ಎಂದು ಲಾಡ್ಲೆಸಾಬ ಎದ್ದು ಹೋದ. ಇವನೂ ಹೇಳಿ ಕಳಿಸಲಿಲ್ಲ. ಇಬ್ಬರೂ ಹಟಮಾರಿಗಳು!

*

ಇಳಿಹೊತ್ತಿನ ಬಸ್ಸಿಗೆ ಲಾಡ್ಲೆಸಾಬ ಬಂದ. "ಈಗ ಬಂದ್ರೇನ್ರಿ?" ಎಂದು ಹರಿಹಾಯಲು ಹೋದ ಶಿವಕಾಂತಾ ಅವನ ಮುಖ ನೋಡಿ ನಿಂತಳು. ಅವನ ಗಲ್ಲದಲ್ಲೂ ಎರಡು ವಾರದ ಗಡ್ಡವಿತ್ತು.

ಅವನು ಗೂಟದಿಂದ ಕೆಂಪು ದಾರದ ರೇಜರ್ ತೆಗೆದುಕೊಂಡ. ಸಾಬೂನು ಹಚ್ಚಿದ. "ಅಲ್ಲಾಡಬ್ಯಾಡಲೇ ಚಂದ್ರಾಮ," ಎಂದು ರೂಢಿಯಂತೆ ಗದರಿದವನು, ಆ ಮಾತು ತನ್ನ ಕಿವಿಗೇ ಬಿದ್ದಾಗ ಬಿಕ್ಕಿ ಬಿಕ್ಕಿ ಅತ್ತ. ಆದರೂ ಒಂದು ಗೀರೂ ಬೀಳದಂತೆ ದಾಡಿ ಮುಗಿಸಿದ. ಚಂದ್ರಾಮಪ್ಪ ಡ್ಯೂಟಿಗೆ ಹೊರಟವನಂತೆ ಊರ ಮುಂದೆ ಹಾದುಹೋದ. ಅವನ ರೇಜರನ್ನು ಲಾಡ್ಲೆಸಾಬನೇ ಸಮಾಧಿಯ ಕುಣಿಯಲ್ಲಿ ಅವನ ಪಕ್ಕ ಇಟ್ಟ.

ಮಣ್ಣು ಮುಗಿಸಿ ಬಂದು, ಅವನು ಗೂಟದಿಂದ ಕಪ್ಪು ದಾರದ್ದನ್ನು ಬಿಚ್ಚಿ ಜೇಬಿಗೆ ಹಾಕಲು ಹೋದ.

"ಎಲ್ಲಿಗಿ ಒಯ್ಯಾಕತ್ತೀರಿ?"

"ಇನ್ನ ಇಲ್ಲಿ ಯಾಕ ತಂಗಿ?"

"ಅಲ್ಲಿ ನಿಮಗ ದಾಡಿ ಮಾಡಾವ್ರು ಯಾರ ಅದಾರ?"

ಲಾಡ್ಲೆಸಾಬ ತನ್ನ ಗಡ್ಡ ಸವರಿಕೊಂಡ.

"ಕೂಡ್ರಿ ಅಣ್ಣಾ."

"ಇವತ್ತ? ಮಂದಿ ಏನಂದಾರು?"

"ಅನ್ಲಿ. ಮಂದೀದ ಕೇಳಿ ಕೇಳಿ ನಂಗ ಸಾಕಾಗಿ ಹೋಗ್ಯಾದ."

ಅವಳು ಅವನ ಕೈಯಿಂದ ರೇಜರ್ ತೆಗೆದುಕೊಂಡು, ಬಟ್ಟಲಿಗೆ ನೀರು ಹಾಕಿಕೊಂಡು, ಕನ್ನಡಿಯನ್ನು ಬಾಗಿಲಾಚೆ ನಿಂತಿದ್ದ ಮೈದುನನತ್ತ ಚಾಚಿದಳು. ಮಹಾದೇವಪ್ಪ ಅತ್ತಿತ್ತ ನೋಡಿ, ಹೊಸ್ತಿಲು ದಾಟಿ ಬಂದು ಹಿಡಿದ. ಶಿವಕಾಂತಾ ಲಾಡ್ಲೆಸಾಬನ ಗದ್ದ ಮೇಲೆತ್ತಿ, "ಅಲ್ಲಾಡಬ್ಯಾಡ್ರಿ," ಎಂದು ಗದರಿದಳು.